ತಾರೀಕು ಮೊದಲು, ಕಥೆ ಆಮೇಲೆ

"ದುಡ್ಡು ಕೊಟ್ಟಿದ್ದು ಯಾವತ್ತು?" ಅಂತ, ಕೈಸಾಲ ವಸೂಲಿಗೆ ಬಂದವರನ್ನು ಕೇಳಿದೆ.

"ನಮ್ಮ ಸೀಮೆಹಸು ಈದಿತ್ತಲ್ಲ ಮೇಡಂ, ಆ ವಾರ" ಅಂದರು.

ಹಸು ಈದಿದ್ದು ಯಾವ ವರ್ಷ ಅಂತ ಲೆಕ್ಕ ಹಾಕೋಕೆ ಅವರು ಹೆಂಡತಿಗೆ ಫೋನ್ ಮಾಡಬೇಕಾಯಿತು. ಸ್ಪೀಕರ್ ಹಾಕಿದರು. ಆಯಮ್ಮ ಅತ್ತ ಕಡೆಯಿಂದ, "ಈ ಕರು ಹುಟ್ಟಿದಾಗ ಅಲ್ಲ ರೀ, ಅದರ ಹಿಂದಿನ ಕರು, ಮಾರಿಬಿಟ್ವಲ್ಲ, ಅದು" ಅಂದರು. ಆ ಒಂದು ಕರುವಿನ ವ್ಯತ್ಯಾಸಕ್ಕೆ ಎರಡು ಲಕ್ಷ ರೂಪಾಯಿ ಹೋಯಿತು. ದಾವಾ ಹಾಕೋಕೆ ಇರುವ ಮೂರು ವರ್ಷ ದಾಟಿ ನಾಲ್ಕು ತಿಂಗಳಾಗಿತ್ತು.

ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲೆ. ಹದಿಮೂರು ವರ್ಷ ಆಯಿತು. ಹೆಸರು ಹಾಕುತ್ತಿಲ್ಲ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ, ಇದನ್ನು ಓದಿ ಯಾರಾದರೂ ಫೈಲು ಕಂಕುಳಲ್ಲಿಟ್ಟುಕೊಂಡು ಬಂದರೆ ಅದೊಂದು ತಲೆನೋವು. ಆದರೆ ಜನ ಕೇಳುವ ಪ್ರಶ್ನೆಗಳನ್ನು ಎಲ್ಲಾದರೂ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆಫೀಸಿಗೆ ಬಂದು ಕೇಳುವವರು ಕಮ್ಮಿ. ಹೂವಿನಂಗಡಿಯವಳು ಮೊಳ ಹಾಕುತ್ತಾ ಕೇಳುತ್ತಾಳೆ. ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ನಾಮಕರಣದ ಊಟದಲ್ಲಿ, ಎಲೆಗೆ ಅನ್ನ ಬಿದ್ದು ಸಾರು ಬರುವುದರೊಳಗೆ ಕೇಳುತ್ತಾರೆ. ಶುರು ಮಾಡುವುದು ಮಾತ್ರ ಎಲ್ಲರೂ ಒಂದೇ ಥರ. "ಸುಮ್ನೆ ಒಂದು ಡೌಟು ಮೇಡಂ, ನಮಗಲ್ಲ, ನಮ್ಮ ಪರಿಚಯದವರಿಗೆ." ಆ ಪರಿಚಯದವರು ಯಾವಾಗಲೂ ಅವರೇ.

ಯಾರು ಏನೇ ಕೇಳಲಿ, ನಾನು ವಾಪಸ್ ಕೇಳುವುದು ಒಂದೇ. ತಾರೀಕು ಎಷ್ಟು? ಇದಕ್ಕೆ ಜನ ಮುಖ ಸಿಂಡರಿಸುತ್ತಾರೆ. ಅನ್ಯಾಯ ಆಗಿದೆ ಅಂತ ಹೇಳೋಕೆ ಬಂದರೆ ಈಯಮ್ಮ ಕ್ಯಾಲೆಂಡರ್ ಕೇಳ್ತಾಳಲ್ಲಾ ಅಂತ. ಅವರ ಕಥೆ ಪೂರ್ತಿ ನಿಜವೇ ಇರುತ್ತದೆ. ಆದರೆ ಕೋರ್ಟಿನಲ್ಲಿ ಕಥೆಗಿಂತ ಮುಂಚೆ ತಾರೀಕು ನೋಡುತ್ತಾರೆ.

ಕೈಸಾಲದ್ದೇ ತೆಗೆದುಕೊಳ್ಳಿ. ಅದಕ್ಕೆ 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ. ದುಡ್ಡು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವಾ ಹಾಕಬೇಕು. ಕೇಳಿದಾಗ ಕೊಡುತ್ತೇನೆ ಅಂತ ಪ್ರೋನೋಟು ಬರೆಸಿಕೊಂಡಿದ್ದರೂ ಅಷ್ಟೇ, ಅದರ ಮೇಲಿನ ತಾರೀಕಿನಿಂದ 3 ವರ್ಷ. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಡ್ಡ ಸಹಿ ಬಿದ್ದರೆ ಅದು ಶಾಸನ ಇದ್ದ ಹಾಗೆ, ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ ಅಂತ ನಮ್ಮ ಕಡೆ ನಂಬಿಕೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಸೀರೆ ಅಡಿಗೆ ಇಟ್ಟಿರುತ್ತಾರೆ. ತೆಗೆದುಕೊಂಡು ಬರುವಾಗ ನ್ಯಾಫ್ತಲಿನ್ ವಾಸನೆ. ತಾರೀಕು ನೋಡಿದರೆ ಐದು ವರ್ಷದ ಹಿಂದಿನದು.

ದಾರಿ ಇಲ್ಲವೇ ಅಂದರೆ, ಇದೆ. ಸಾಲ ತಗೊಂಡವನು ಆ 3 ವರ್ಷದ ಒಳಗೆ "ಇಂತಿಷ್ಟು ಕೊಡಬೇಕಾಗಿದೆ, ಒಪ್ಪಿದ್ದೇನೆ" ಅಂತ ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ಅವಧಿ ಮುಗಿದ ಮೇಲಾದರೆ ಒಪ್ಪಿದ್ದೇನೆ ಅಂದರೆ ಸಾಲದು, ಕೊಡುತ್ತೇನೆ ಅಂತಲೇ ಹೊಸದಾಗಿ ಬರೆದು ಸಹಿ ಮಾಡಬೇಕು. ಅಷ್ಟು ಒಳ್ಳೆಯವನಾಗಿದ್ದರೆ ನೀವು ನನ್ನ ಹತ್ತಿರ ಬರುತ್ತಿರಲಿಲ್ಲ, ಅಲ್ವಾ?

ಚೆಕ್ ವಿಷಯದಲ್ಲಿ ವರ್ಷಗಳ ಮಾತೇ ಇಲ್ಲ, ದಿನಗಳ ಲೆಕ್ಕ. ನಂದಿ ಕಡೆಯ ಒಬ್ಬ ರೈತರು, ಸೇವಂತಿಗೆ ಬೆಳೆಯುತ್ತಾರೆ, ಒಂದು ಮಾರ್ಚ್ ತಿಂಗಳ ಇಪ್ಪತ್ತನೇ ತಾರೀಕು ಬಂದರು. ಹೊರರಾಜ್ಯದ ವ್ಯಾಪಾರಿ 1,80,000 ರೂಪಾಯಿಗೆ ಚೆಕ್ ಕೊಟ್ಟಿದ್ದ. ಚೆಕ್ ಮೇಲೆ ಫೆಬ್ರವರಿ 5. ಬ್ಯಾಂಕಿನವರು ದುಡ್ಡಿಲ್ಲ ಅಂತ ವಾಪಸ್ ಮಾಡಿ ಮೆಮೊ ಕೊಟ್ಟಿದ್ದು ಫೆಬ್ರವರಿ 12. ಅವತ್ತೇ ಬರಬೇಕಿತ್ತಲ್ಲಾ ಅಂದರೆ, "ಸೋಮವಾರ ಹಾಕ್ತೀನಿ ಅಂದ ಮೇಡಂ. ಆಮೇಲೆ ಶಿವರಾತ್ರಿ ಕಳೀಲಿ ಅಂದ. ಆಮೇಲೆ ಫೋನ್ ಎತ್ತಲಿಲ್ಲ."

ಚೆಕ್ ವಾಪಸ್ ಬಂತು ಅಂತ ಬ್ಯಾಂಕಿನಿಂದ ಗೊತ್ತಾದ ದಿನದಿಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ ಟೈಮು. ಅದರೊಳಗೆ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಕೊನೆಯದ್ದಕ್ಕೆ ತಡವಾದರೆ ಸರಿಯಾದ ಕಾರಣ ತೋರಿಸಿ ಜಡ್ಜನ್ನು ಕೇಳಿಕೊಳ್ಳಬಹುದು. ನೋಟಿಸಿನ 30 ದಿನ ಹೋದರೆ ಹೋಯಿತು, ಅದನ್ನು ಯಾರೂ ಮನ್ನಿಸುವುದಿಲ್ಲ. ಇವರದು 36 ದಿನ ಆಗಿತ್ತು. ಅವರು ಬೆರಳು ಮಡಚಿ ಮಡಚಿ ಎಣಿಸಿದರು, ನಾನು ಫೆಬ್ರವರಿ ಪುಟ ತಿರುವಿ ತೋರಿಸಿದೆ, ಆಮೇಲೆ ಸುಮ್ಮನೆ ಕೂತುಬಿಟ್ಟರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು, ತೋಟದಿಂದ ನೇರ ಬಂದಿದ್ದರು.

ಅವರ ಪುಣ್ಯ, ಚೆಕ್ಕಿನ ಆಯುಸ್ಸು ಮುಗಿದಿರಲಿಲ್ಲ. 2012ರಿಂದ ಚೆಕ್ ಮೇಲಿನ ತಾರೀಕಿನಿಂದ 3 ತಿಂಗಳು ಮಾತ್ರ ಅದು ನಡೆಯುತ್ತದೆ, ಮುಂಚೆ 6 ತಿಂಗಳಿತ್ತು. ಆ 3 ತಿಂಗಳೊಳಗೆ ಅದೇ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ಬೌನ್ಸ್ ಆದರೆ ಮತ್ತೆ ಹೊಸದಾಗಿ 30 ದಿನ. 2012ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. "ಅದೇ ಚೆಕ್ಕನ್ನ ಮತ್ತೆ ಹಾಕೋದಾ? ಬ್ಯಾಂಕಿನವರು ಬೈಯ್ಯಲ್ವಾ?" ಅಂದರು. ಬೈದರೆ ಬೈಯಲಿ ಹಾಕಿ ಅಂದೆ. ಹಾಕಿದರು, ಮತ್ತೆ ಬೌನ್ಸ್ ಆಯಿತು. ಚೆಕ್ ಬೌನ್ಸ್ ಆಗಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಮೂರೇ ದಿನಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು.

ಇನ್ನೊಂದು ಹೆದರಿಕೆ ಅವರಿಗಿತ್ತು, ಆ ವ್ಯಾಪಾರಿ ಊರಿಗೆ ಹೋಗಿ ಅಲ್ಲಿ ಕೇಸು ಹಾಕಬೇಕಾ ಅಂತ. ಬೇಡ. ನೀವು ಚೆಕ್ ಜಮಾ ಮಾಡಿದ ಖಾತೆ ಯಾವ ಊರಿನ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟು ಸಾಕು, 2015ರ ತಿದ್ದುಪಡಿ ಆದಮೇಲೆ ಹಾಗೆ. ಅವನು ಬೇಕಾದರೆ ಇಲ್ಲಿಗೆ ಬರಲಿ. 2 ವರ್ಷದವರೆಗೆ ಜೈಲು, ಇಲ್ಲ ಚೆಕ್ಕಿನ ಎರಡರಷ್ಟು ದಂಡ, ಇಲ್ಲ ಎರಡೂ ಆಗಬಹುದು ಅಂತ ನೋಟಿಸಿನಲ್ಲಿ ಓದಿದ ಮೇಲೆ ಅವನೇ ಫೋನ್ ಮಾಡಿದ. ಸ್ವಲ್ಪ ಆಗಲೇ ಕೊಟ್ಟ, ಮಿಕ್ಕಿದ್ದನ್ನು ಲೋಕ ಅದಾಲತ್‌ನಲ್ಲಿ ಕಂತು ಮಾಡಿಕೊಂಡ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದರ ಮೇಲೆ ಅಪೀಲು ಇಲ್ಲ, ಅಲ್ಲಿಗೆ ಮುಗಿಯಿತು. ಬೈಯುವವರು ಇದ್ದಾರೆ, ನನಗಂತೂ ಚೆಕ್ ಕೇಸುಗಳಿಗೆ ಅದೇ ಸರಿ ಅನಿಸುತ್ತದೆ.

ಈಗ ಹೆಣ್ಣುಮಕ್ಕಳ ಪಾಲು. ಇದು ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಂದರೆ ಜಾಸ್ತಿ ಆಗಲಿಕ್ಕಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತಲ್ಲ, ಅಲ್ಲಿಂದ ನಮ್ಮ ಕಡೆಯ ಜಮೀನಿನ ರೇಟು ಏರಿದ್ದು ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಕಲ್ಲುಗುಡ್ಡದ ಮಗ್ಗುಲಿನ ಎರಡು ಎಕರೆಗೆ ಈಗ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅಕ್ಕತಂಗಿಯರೂ ಕೇಳುತ್ತಿದ್ದಾರೆ. ಕೇಳಿದ್ದಕ್ಕೆ "ಏನು, ದುಡ್ಡಿನಾಸೆಗೆ ಬಿದ್ಲು" ಅನ್ನುತ್ತಾರೆ. ಅಣ್ಣ ಕೇಳಿದರೆ ಹಕ್ಕು, ತಂಗಿ ಕೇಳಿದರೆ ಆಸೆ. ಇದು ನನಗೆ ಹದಿಮೂರು ವರ್ಷದಿಂದಲೂ ಉರಿಯುವ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆಸ್ತಿ ಯಾರದ್ದು ನೋಡಿ. ಅಪ್ಪ ಸ್ವಂತ ದುಡಿದು ಕೊಂಡಿದ್ದಾದರೆ ಅದು ಅವರಿಷ್ಟ. ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಬರೆಯದೆ ತೀರಿಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಅವರೂ, ಎಲ್ಲರಿಗೂ ಸಮ. ತಾತ ಮುತ್ತಾತನ ಕಾಲದಿಂದ ಬಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಹುಟ್ಟಿನಿಂದಲೇ ಹಕ್ಕು ಅನ್ನುವ ಮಾತು ಬರುತ್ತದೆ. ಅಲ್ಲಿ ಮತ್ತೆ ತಾರೀಕು. ನಮ್ಮ ರಾಜ್ಯದಲ್ಲಿ 1994ರ ಜುಲೈ 30ಕ್ಕೆ ಮುಂಚೆ ಮದುವೆ ಆಗದೆ ಇದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಅಂತ ಕಾಯ್ದೆ ಬಂತು. ಮುಂಚೆಯೇ ಮದುವೆ ಆದವರು ಹೊರಗೆ ಉಳಿದರು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆ ಆಗಲಿ ಬಿಡಲಿ, ಹಿಂದೂ ಹೆಣ್ಣುಮಕ್ಕಳಿಗೆಲ್ಲ ಸಮ. ಅವತ್ತಿಗೆ ಅಪ್ಪ ಬದುಕಿರಬೇಕಾ ಬೇಡವಾ ಅಂತ ಹದಿನೈದು ವರ್ಷ ಎಲ್ಲ ಕೋರ್ಟಿನಲ್ಲೂ ಜಗಳ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಬೇಕಾಗಿಲ್ಲ ಅಂತ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ, ಕೋರ್ಟಿನಲ್ಲಿ ಭಾಗ ಆಗಿದ್ದರೆ, ಮಾರಾಟ ಆಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಆ ದಿನ ಮಸೂದೆ ರಾಜ್ಯಸಭೆಗೆ ಬಂದ ದಿನ, ಸುದ್ದಿ ತಿಳಿದು ಅಣ್ಣಂದಿರು ಓಡಿಹೋಗಿ ಭಾಗ ಮಾಡಿಕೊಳ್ಳಬಾರದು ಅಂತ ಆ ತಾರೀಕು ಇಟ್ಟರು. ಕಾಯ್ದೆ ಬರೆದವರಿಗೆ ನಮ್ಮ ಅಣ್ಣಂದಿರು ಚೆನ್ನಾಗಿ ಗೊತ್ತಿದ್ದರು.

ಇಷ್ಟೆಲ್ಲ ಇದ್ದರೂ ಪಾಲು ಹೋಗುವುದು ಕಾನೂನಿನಿಂದ ಅಲ್ಲ, ಸಹಿಯಿಂದ. ಗುಡಿಬಂಡೆ ಕಡೆಯ ಒಬ್ಬ ಹೆಂಗಸು, ಐವತ್ತರ ಹತ್ತಿರ ವಯಸ್ಸು. ತಾರೀಕು ಕೇಳಿದ ತಕ್ಷಣ ಹೇಳಿದರು, ತಡವರಿಸಲಿಲ್ಲ. "ಗೌರಿ ಹಬ್ಬದ ಹಿಂದಿನ ದಿನ. ಬಾಗಿನ ಕೊಡ್ತೀವಿ ಬಾರಮ್ಮ ಅಂತ ಅಣ್ಣ ಫೋನ್ ಮಾಡಿದ್ದ." ಹೋದರು. ಊಟ ಆದಮೇಲೆ ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. ಅಪ್ಪನ ಹೆಸರಿನ ಪಹಣಿ ನಮ್ಮ ಹೆಸರಿಗೆ ಮಾಡಿಸಬೇಕು, ಪೌತಿ ಖಾತೆಗೆ ಎಲ್ಲರ ಸಹಿ ಬೇಕಂತೆ ಅಂದರು. ಕ್ಯಾಮೆರಾ ನೋಡಿ ಅಂದಾಗ ನೋಡಿದರು, ಹೆಬ್ಬೆಟ್ಟು ಇಡಿ ಅಂದಾಗ ಇಟ್ಟರು. ವಾಪಸ್ ಬಂದ ಮೇಲೆ ಮೊರದ ಬಾಗಿನ, ಅದರಲ್ಲಿ ಹಸಿರು ಬಳೆ, ರವಿಕೆ ಕಣ, ಮೇಲೊಂದು ಸೀರೆ. ಅವರು ಸಹಿ ಮಾಡಿದ್ದು ಹಕ್ಕು ಬಿಡುಗಡೆ ಪತ್ರ. ಎರಡು ವರ್ಷ ಆದಮೇಲೆ ಅಕ್ಕಪಕ್ಕದ ಜಮೀನು ಮಾರಾಟದ ಮಾತು ಬಂದಾಗ ಗೊತ್ತಾಯಿತು.

ಪೌತಿ ಖಾತೆಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾದ್ದೇ ಇಲ್ಲ, ಅದು ಕಂದಾಯ ಇಲಾಖೆಯ ಕೆಲಸ. ಇದೊಂದು ಗೊತ್ತಿದ್ದರೂ ಸಾಕಿತ್ತು. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸೋಕೆ ವಿಷಯ ಗೊತ್ತಾದ ದಿನದಿಂದ 3 ವರ್ಷ ಇರುತ್ತದೆ, ಹಾಗಾಗಿ ದಾವಾ ಹಾಕಿದೆವು, ನಡೆಯುತ್ತಿದೆ. ವಕಾಲತ್ತಿಗೆ ಸಹಿ ಮಾಡುವಾಗ ಆಕೆ ಪೆನ್ನು ಹಿಡಿದುಕೊಂಡು ಒಂದು ಪ್ರಶ್ನೆ ಕೇಳಿದರು. "ಅಣ್ಣ ಇನ್ನ ಹಬ್ಬಕ್ಕೆ ಕರೀತಾನಾ ಲಾಯರಮ್ಮಾ?" ಅದಕ್ಕೆ ನನ್ನ ಹತ್ತಿರ ಸೆಕ್ಷನ್ ಇಲ್ಲ.

ಕಾಗದಪತ್ರದ ಡೌಟುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಉತ್ತರ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ. ಪಹಣಿಯಲ್ಲಿ ನನ್ನ ಹೆಸರಿದೆ, ಜಮೀನು ನಂದೇ ಅಲ್ವಾ? ಪಹಣಿ ಬಲವಾದ ಸಾಕ್ಷಿ, ಆದರೆ ಅದೇ ಮಾಲೀಕತ್ವ ಅಲ್ಲ, ಅದರ ಹಿಂದೆ ಕ್ರಯಪತ್ರವೋ ವಿಭಾಗ ಪತ್ರವೋ ಏನೋ ಒಂದು ಬೇರು ಇರಬೇಕು. ನೋಟರಿ ಮುಂದೆ ಅಗ್ರಿಮೆಂಟ್ ಆಗಿದೆ, ದುಡ್ಡೂ ಪೂರ್ತಿ ಕೊಟ್ಟಿದ್ದೀನಿ, ಸೈಟು ನಂದಾಯ್ತಾ? ಆಗಿಲ್ಲ, ರಿಜಿಸ್ಟರ್ ಆದ ಕ್ರಯಪತ್ರ ಬೇಕು. ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹಾರ ಮಾಡು ಅಂತ ಬರೆದುಕೊಡುವ ಅಧಿಕಾರ ಪತ್ರ, ಅದರ ಮೇಲೆ ಮಾರಿದರೂ ಅದು ಮಾರಾಟ ಅಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಾಡಿಗೆಗೆ 12 ವರ್ಷ ಇದ್ದರೆ ಮನೆ ಬಾಡಿಗೆಯವರದ್ದಾಗುತ್ತಂತೆ? ಇದನ್ನು ಯಾರು ಹಬ್ಬಿಸಿದರೋ. ಮಾಲೀಕನ ಒಪ್ಪಿಗೆಯಿಂದ ಬಾಡಿಗೆ ಕೊಟ್ಟುಕೊಂಡು ಇದ್ದವರಿಗೆ ಎಷ್ಟು ವರ್ಷ ಆದರೂ ಹಾಗೆ ಆಗುವುದಿಲ್ಲ. 11 ತಿಂಗಳ ಅಗ್ರಿಮೆಂಟ್ ಇರುವುದು ಆ ಭಯಕ್ಕಲ್ಲ, ವರ್ಷ ಮೀರಿದ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು ಅಂತ ಇದೆ, ಅದರ ಖರ್ಚು ತಪ್ಪಿಸೋಕೆ. ಸ್ಟಾಂಪ್ ಪೇಪರಿಗೆ 6 ತಿಂಗಳಾದರೆ ಎಕ್ಸ್‌ಪೈರಿ ಆಗುತ್ತಾ? ಅದೇನು ಮಾತ್ರೆ ಅಲ್ಲ. ಬಳಸದ ಪೇಪರ್ ವಾಪಸ್ ಕೊಟ್ಟು ದುಡ್ಡು ಕೇಳೋಕೆ ಇರುವ ಗಡುವು ಅದು, 2008ರ ತೀರ್ಪಿದೆ. ವಿಲ್ಲಿಗೆ ಸ್ಟಾಂಪ್ ಪೇಪರೇ ಬೇಡ, ರಿಜಿಸ್ಟ್ರಿ ಕಡ್ಡಾಯ ಅಲ್ಲ, ಬರೆದವರ ಸಹಿ ಮತ್ತು ಅದನ್ನು ನೋಡಿ ಸಹಿ ಹಾಕಿದ ಇಬ್ಬರು ಸಾಕ್ಷಿಗಳು ಬೇಕೇಬೇಕು. ಆದರೂ ನಾನು ರಿಜಿಸ್ಟರ್ ಮಾಡಿಸಿ ಅಂತಲೇ ಹೇಳುತ್ತೇನೆ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ಎಂಬತ್ತರ ಅಜ್ಜನ ವಿಲ್ಲಿಗೆ ಎಂಬತ್ತೈದರ ಗೆಳೆಯರು ಸಾಕ್ಷಿ ಹಾಕಿದರೆ ಆಮೇಲೆ ಕೋರ್ಟಿಗೆ ಯಾರನ್ನು ಕರೆಯೋಣ?

ಒಬ್ಬರು ಬಂದಿದ್ದು ಇದಕ್ಕಿಂತ ಚೆನ್ನಾಗಿತ್ತು. ಅವರ ಕ್ರಯಪತ್ರದಲ್ಲಿ "ಕೋಲಾರ ಜಿಲ್ಲೆ" ಅಂತ ಇತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತಲ್ಲ, ಹಾಗಾದರೆ ಪತ್ರ ಕ್ಯಾನ್ಸಲ್ಲಾ ಅಂತ ಅವರ ಭಾವಮೈದುನ ಹೆದರಿಸಿದ್ದನಂತೆ. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಪಾಪ. ಜಿಲ್ಲೆ ಹೋಯಿತೇ ಹೊರತು ಜಮೀನು ಎಲ್ಲಿಗೂ ಹೋಗಿಲ್ಲ, ಸರ್ವೆ ನಂಬರ್ ಅದೇ, ಚಕ್ಕುಬಂದಿ ಅದೇ, ನೆಮ್ಮದಿಯಾಗಿ ಮಲಗಿ ಅಂದೆ. ಫೀಸು ತಗೊಳ್ಳಲಿಲ್ಲ. ಮಾರನೇ ದಿನ ಒಂದು ಬುಟ್ಟಿ ದ್ರಾಕ್ಷಿ ಬಂತು.

ಸ್ಟೇಷನ್ನಿನ ಪ್ರಶ್ನೆಗಳು ರಾತ್ರಿ ಹೊತ್ತು ಬರುತ್ತವೆ. "ಕಂಪ್ಲೇಂಟ್ ತಗೊಳ್ತಿಲ್ಲ ಮೇಡಂ, ಹಿಂಬರಹ ಕೊಟ್ಟು ಕಳಿಸ್ತಿದಾರೆ." ಹಿಂಬರಹ ಅಂದರೆ ದೂರಿಗೆ ಸ್ಟೇಷನ್ನಿನವರು ಬರೆದು ಕೊಡುವ ಉತ್ತರ, ಕೊಟ್ಟಿದ್ದರೆ ಅದನ್ನು ಬಿಸಾಡಬೇಡಿ, ಅದರ ಮೇಲೂ ತಾರೀಕಿರುತ್ತದೆ, ಮುಂದೆ ಅದೇ ಆಧಾರ. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದಿದೆ, ಹೆಸರು ಬಾಯಿಗೆ ಬರೋಕೆ ನಮಗೇ ಆರು ತಿಂಗಳು ಬೇಕಾಯಿತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಗಂಭೀರವಾದ ಅಪರಾಧ ಆದರೆ ಅದು ನಮ್ಮ ಸರಹದ್ದಲ್ಲ ಅಂತ ಸ್ಟೇಷನ್ನಿನವರು ಕಳಿಸುವ ಹಾಗಿಲ್ಲ, ಯಾವ ಸ್ಟೇಷನ್ನಿನಲ್ಲಾದರೂ ಬರೆದುಕೊಂಡು ಆಮೇಲೆ ವರ್ಗ ಮಾಡಬೇಕು. ಎಫ್‌ಐಆರ್ ಕಾಪಿ ದೂರು ಕೊಟ್ಟವರಿಗೆ ಬಿಟ್ಟಿ ಕೊಡಬೇಕು. ತಗೊಳ್ಳಲೇ ಇಲ್ಲ ಅಂದರೆ ಎಸ್‌ಪಿಗೆ ಬರೆದು ಪೋಸ್ಟ್ ಮಾಡಿ, ಅದಕ್ಕೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಆದರೆ ಒಂದು ಮಾತು. ಬದು ಒತ್ತುವರಿ, ಪಾಲಿನ ಜಗಳ, ಕೈಸಾಲ ಇವನ್ನೆಲ್ಲ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ, ಅಲ್ಲಿ ಪಂಚಾಯ್ತಿ ಮಾಡಿಸಿ, ಎಂಟು ತಿಂಗಳು ಕಳೆದು ಆಮೇಲೆ ನನ್ನ ಹತ್ತಿರ ಬರುತ್ತಾರೆ. ಆ ಎಂಟು ತಿಂಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಜಾಮೀನಿನದ್ದು ಇನ್ನೊಂದು ಗೋಳು. ಯಾರದೋ ಮಗನಿಗೆ ಶ್ಯೂರಿಟಿ ನಿಲ್ಲೋಕೆ ಪಹಣಿ, ಆಧಾರ್ ಕಾರ್ಡು ಹಿಡಿದುಕೊಂಡು ಬಂದಿರುತ್ತಾರೆ. ಎಲ್ಲ ಮುಗಿದು ಕೋರ್ಟ್ ಹಾಲಿನಿಂದ ಆಚೆ ಬಂದ ಮೇಲೆ ನನ್ನನ್ನು ಬೇವಿನ ಮರದ ಕೆಳಗೆ ಕರೆದು ಮೆಲ್ಲಗೆ ಕೇಳುತ್ತಾರೆ, "ಜಾಮೀನು ಹಾಕಿದ್ದಕ್ಕೆ ಜಮೀನು ಹೋಗಲ್ಲ ತಾನೇ?" ಹುಡುಗ ಪ್ರತಿ ವಾಯಿದೆಗೂ ಬರುತ್ತಿದ್ದರೆ ಏನೂ ಆಗುವುದಿಲ್ಲ. ಪರಾರಿ ಆದರೆ ಬಾಂಡಿನಲ್ಲಿ ಬರೆದ ಮೊತ್ತ ನೀವು ಕಟ್ಟಬೇಕು, ಕಟ್ಟದಿದ್ದರೆ ಆಸ್ತಿಯಿಂದ ವಸೂಲಿ ಆಗಬಹುದು. ನಂಬಿಕೆ ಹೋಯಿತು ಅನಿಸಿದ ದಿನ, ಅವನು ಓಡಿಹೋಗುವ ಮುಂಚೆಯೇ, ನನಗೆ ಈ ಜಾಮೀನು ಬೇಡ ಅಂತ ಕೋರ್ಟಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು. ಇದನ್ನು ಸಹಿ ಹಾಕುವ ಮುಂಚೆ ಕೇಳಿ ಅಂದರೆ, ಕೇಳಿದರೆ ಅವರಿಗೆ ಬೇಜಾರಾಗುತ್ತೆ ಅಂತಾರೆ. ಜಮೀನು ನಿಮ್ಮದು, ಬೇಜಾರು ಅವರದ್ದು, ಇದ್ಯಾವ ಲೆಕ್ಕ?

ವಯಸ್ಸಾದ ತಂದೆತಾಯಿ ಬಂದರೆ ಮಾತ್ರ ನನಗೆ ಕಷ್ಟ. ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟಿರುತ್ತಾರೆ, ಆಮೇಲೆ ಊಟಕ್ಕೂ ಮಾತು ಕೇಳಬೇಕಾಗಿರುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳುತ್ತೇನೆ ಅಂತ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಬಹುದು. ಎ.ಸಿ. ಸಾಹೇಬರು, ಅಂದರೆ ಉಪವಿಭಾಗಾಧಿಕಾರಿ, ಅವರ ಹತ್ತಿರ ಅರ್ಜಿ, ವಕೀಲರೇ ಬೇಕು ಅಂತಿಲ್ಲ. ಆದರೆ ಪತ್ರದಲ್ಲಿ ಆ ಷರತ್ತಿನ ಸಾಲು ಇದೆಯಾ ಅಂತ ಹುಡುಕುತ್ತೇನೆ, ಎಂಟರಲ್ಲಿ ಏಳು ಪತ್ರದಲ್ಲಿ ಇರುವುದಿಲ್ಲ. "ಪ್ರೀತಿ ವಿಶ್ವಾಸದಿಂದ" ಅಂತ ಮಾತ್ರ ಇರುತ್ತದೆ. ಆ ಒಂದು ಸಾಲಿಲ್ಲದೆ ಕೆಲಸ ಬಹಳ ಕಷ್ಟ ಆಗುತ್ತದೆ. ಯಾಕೆ ಬರೆಸಲಿಲ್ಲ ಅಂದರೆ ಒಬ್ಬ ತಾಯಿ, "ಹೊಟ್ಟೇಲಿ ಹುಟ್ಟಿದ ಮಗನಿಗೆ ಕಂಡೀಷನ್ ಹಾಕೋದಾ ಮಗಾ?" ಅಂದರು. ಹಾಕಿ ತಾಯಿ. ಪತ್ರ ಬರೆಯುವವರಿಗೆ ಒಂದು ಸಾಲು ಜಾಸ್ತಿ ಟೈಪ್ ಮಾಡೋಕೆ ಒಂದು ನಿಮಿಷ.

ಇನ್ನು ಫೀಸು. "ಗೆದ್ದ ಮೇಲೆ ಅರ್ಧ ಎಕರೆ ನಿಮಗೇ ಬರ್ಕೊಡ್ತೀವಿ" ಅನ್ನುವವರಿದ್ದಾರೆ. ನಮಗೆ ಹಾಗೆ ಒಪ್ಪಿಕೊಳ್ಳುವ ಹಾಗಿಲ್ಲ, ನಿಯಮದಲ್ಲೇ ಇಲ್ಲ. ದುಡ್ಡೇ ಇಲ್ಲ ಅನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟಿನ ಆವರಣದಲ್ಲೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಿಟ್ಟಿ ವಕೀಲರು ಸರಿಯಾಗಿ ನಡೆಸಲ್ಲ ಅನ್ನುವ ಮಾತಿದೆ. ಆ ಪಟ್ಟಿಯಲ್ಲಿ ನಾನೂ ಇದ್ದೆ ಮೂರು ವರ್ಷ, ಹಾಗಾಗಿ ಸುಮ್ಮನಿರುತ್ತೇನೆ.

ಎಲ್ಲ ಕೇಳಿ ಆದಮೇಲೆ ಅವರು ನನ್ನನ್ನು ತಾರೀಕು ಕೇಳುತ್ತಾರೆ. "ಕೇಸು ಯಾವಾಗ ಮುಗಿಯುತ್ತೆ ಮೇಡಂ?" ಇದಕ್ಕೆ ನಾನೂ ಹಸು ಈದ ವಾರದ ಥರವೇ ಏನೋ ಹೇಳುತ್ತೇನೆ. ಮುಂದಿನ ವಾಯಿದೆ ಮಾತ್ರ ಹೇಳಬಲ್ಲೆ.

ನನ್ನದೂ ಒಂದು ಹೇಳಿಬಿಡುತ್ತೇನೆ. ನಮ್ಮ ಸಂಬಂಧಿಕರಲ್ಲೇ ಒಬ್ಬನಿಗೆ, ವರಸೆಯಲ್ಲಿ ತಮ್ಮ ಆಗಬೇಕು, ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಹಾಕಿಸ್ಬೇಕು ಅಕ್ಕಾ ಅಂದ, 60,000 ಕೊಟ್ಟೆ. ಬರೆಸಿಕೊಳ್ಳಲಿಲ್ಲ. ಊರಿಗೆಲ್ಲ ಬರೆಸಿಕೊಳ್ಳಿ ಅನ್ನುವವಳು ತಮ್ಮನ ಹತ್ತಿರ ಹೇಗೆ ಕೇಳಲಿ ಅಂತ ಸುಮ್ಮನಾದೆ. ಹಬ್ಬ ಬಂತು, ಹೋಯಿತು, ರೇಷ್ಮೆಗೂಡಿನ ರೇಟು ಬಿತ್ತು, ಎದ್ದಿತು, ಅವನಿಗೆ ಮಗು ಆಯಿತು. ಆ ಮಗುವಿಗೆ ಬೆಳ್ಳಿ ಕಾಲ್ಗೆಜ್ಜೆ ತಗೊಂಡು ಹೋದವಳೂ ನಾನೇ. ಒಂದು ದಿನ ಹಳೇ ಪಾಸ್‌ಬುಕ್ಕಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ ಆ ಎಂಟ್ರಿ ಕಂಡಿತು. ಬೆರಳು ಮಡಚಿ ಎಣಿಸಿದೆ. ಮೂರು ವರ್ಷ, ಒಂಬತ್ತು ದಿನ.

ಹೋದ ತಿಂಗಳು ಗೃಹಪ್ರವೇಶದಲ್ಲಿ ಸಿಕ್ಕಿದ. ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಪಕ್ಕಕ್ಕೆ ಸರಿದು ಕೂತ. "ಅಕ್ಕಾ, ಸುಮ್ನೆ ಒಂದು ಡೌಟು. ಒಬ್ಬ ನನಗೆ ದುಡ್ಡು ಕೊಡ್ಬೇಕು, ಆಟ ಆಡಿಸ್ತಿದಾನೆ. ಏನ್ಮಾಡ್ಲಿ?"

ತಾರೀಕು ಎಷ್ಟು ಅಂದೆ.

ದಿನ, ತಿಂಗಳು, ವರ್ಷ ಎಲ್ಲ ಸರಿಯಾಗಿ ಹೇಳಿದ. ಮೂರು ವರ್ಷಕ್ಕೆ ಇನ್ನೂ ಎರಡು ತಿಂಗಳಿತ್ತು.